ಸುರುಳಿಯ ನಷ್ಟವೂ ಬಾನುಲಿಯ ಶೋಧಕವೂ

ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಪ್ರಾರಂಭವಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿಗಳು ಅಲ್ಲಿಂದ ನೇರ ಗೆರೆಯಲ್ಲಿ 80ರಿಂದ 100 ಕಿಲೋಮೀಟರು ದೂರ. ಈ ಊರುಗಳ ಕೇಳುಗರಿಗೆ 765 ಕಿಲೋಹರ್ಟ್ಸ್ ಎಂದರೆ ಧಾರವಾಡ. ಮಧ್ಯಮ ತರಂಗದಲ್ಲಿ ಒಂದು ಸ್ಥಾನಕ್ಕೂ ಮುಂದಿನದಕ್ಕೂ 9 ಕಿಲೋಹರ್ಟ್ಸ್ ಮಾತ್ರ ಅಂತರ. ಪಕ್ಕದ 774ನ್ನು ಶಿಮ್ಲಾ ಕೇಂದ್ರಕ್ಕೆ ಹಂಚಲಾಗಿತ್ತು. ಹಗಲಿನಲ್ಲಿ ಶಿಮ್ಲಾ ನಮಗೆ ಕೇಳದು. ರಾತ್ರಿಯಾದರೋ ಅಯಾನುಗೋಳದಿಂದ ಹಿಂದಿರುಗಿದ ದೂರದ ಅಲೆಗಳೂ ಬಂದಿಳಿಯುತ್ತವೆ. ಆಗ ಬೇಕಾದುದನ್ನು ಹಾಯಗೊಟ್ಟು ನೆರೆಯದನ್ನು ತಡೆಯುವ ಕೆಲಸ ಬ್ಯಾಂಡ್‌ಪಾಸ್ ಶೋಧಕದ್ದು.

ಅದರ ಮೂಲರೂಪ ಒಂದು ಸುರುಳಿ, ಒಂದು ಧಾರಕ. 200 ಮೈಕ್ರೋಹೆನ್ರಿಯ ಸುರುಳಿಗೆ ಸುಮಾರು 216 ಪಿಕೋಫ್ಯಾರಡ್ ಧಾರಕವನ್ನು ಜೋಡಿಸಿದರೆ ಜೋಡಿಯು 765 ಕಿಲೋಹರ್ಟ್ಸಿನಲ್ಲಿ ಅನುರಣಿಸುತ್ತದೆ. ನಾಗಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಹಗ್ಗವು ಕೊಂಬೆಗೆ ತಿಕ್ಕದಿದ್ದರೆ, ಸರಿಯಾದ ಹೊತ್ತಿಗೆ ಬಿದ್ದ ಸಣ್ಣ ನೂಕುಗಳೇ ಕೂಡಿ ಅದು ಎತ್ತರಕ್ಕೆ ಏರುತ್ತದೆ. ಹೊತ್ತು ತಪ್ಪಿದ ನೂಕುಗಳು ವ್ಯರ್ಥ. ತಿಕ್ಕಾಟ ಹೆಚ್ಚಿದಂತೆ ಈ ಆಯ್ಕೆಯ ಗುಣ ಕುಂದುತ್ತದೆ. ಮಂಡಲದಲ್ಲಿ ಆ ತಿಕ್ಕಾಟವೇ ಸುರುಳಿಯ ರೋಧ. ಒಳ್ಳೆಯ ಧಾರಕದ ನಷ್ಟ ಇದರ ಮುಂದೆ ಲೆಕ್ಕಕ್ಕಿಲ್ಲ.

ನಮ್ಮ ಸುರುಳಿಯ ಪ್ರೇರಕ ಪ್ರತಿರೋಧ 961 ಓಮ್. ಅದರ ರೋಧ 9.6 ಓಮ್ ಆಗಿದ್ದರೆ, ಒಂದನ್ನು ಮತ್ತೊಂದರಿಂದ ಭಾಗಿಸಲು 100 ಬರುತ್ತದೆ. ಇದೇ ‘ಕ್ಯೂ’ ಎಂಬ ಗುಣಾಂಕ. ಮೀಟರು ಹಚ್ಚಿ ಅಳೆದರೆ ಅದೇ ಸುರುಳಿ ಒಂದೆರಡು ಓಮ್ ತೋರಿಸೀತು. ಆದರೆ ಮೀಟರಿನದು ನೇರ ಪ್ರವಾಹ. ಉಚ್ಚ ಆವೃತ್ತಿಯ ಪ್ರವಾಹವು ತಂತಿಯ ಒಳಗೆಲ್ಲ ಹರಡದೆ ಮೇಲ್ಮೈಯನ್ನು ಹಿಡಿದು ಹರಿಯುತ್ತದೆ. 765 ಕಿಲೋಹರ್ಟ್ಸಿನಲ್ಲಿ ತಾಮ್ರದೊಳಗೆ ಅದು ಇಳಿಯುವ ಆಳ ಸುಮಾರು 0.075 ಮಿಲಿಮೀಟರು. ಮಗ್ಗುಲ ಸುತ್ತುಗಳ ಕಾಂತಕ್ಷೇತ್ರವು ಅದನ್ನು ಇನ್ನಷ್ಟು ಮೂಲೆಗೆ ಒತ್ತುತ್ತದೆ. ಆದಕಾರಣವೇ ಎನಾಮೆಲ್ ಬಳಿದ ಕೂದಲೆಳೆಯಂಥ ತಂತಿಗಳನ್ನು ಹೊಸೆದು ಲಿಟ್ಜ್ ತಂತಿಯನ್ನು ಮಾಡುವುದು. ಫೆರೈಟ್ ತಿರುಳು ಕಡಿಮೆ ಸುತ್ತುಗಳಲ್ಲಿ ಕೆಲಸ ಮುಗಿಸುತ್ತದೆ, ಆದರೆ ತನ್ನ ಪಾಲಿನ ನಷ್ಟವನ್ನೂ ಸೇರಿಸುತ್ತದೆ. ಸುರುಳಿಗೆ ತೀರ ಸಮೀಪವಾಗಿ ಲೋಹದ ಡಬ್ಬಿಯನ್ನು ಮುಚ್ಚಿದರೂ ನಷ್ಟವೇ.

ಈಗ ಮುಖ್ಯ ಲೆಕ್ಕ. 765ರಲ್ಲಿ 9 ಕಿಲೋಹರ್ಟ್ಸ್ ಅಗಲವನ್ನಷ್ಟೇ ಹಾಯಗೊಡಬೇಕಾದರೆ, ಹೊರೆ ಜೋಡಿಸಿದ ಮಂಡಲದ ಗುಣಾಂಕ 765ನ್ನು 9ರಿಂದ ಭಾಗಿಸಿದಷ್ಟು, ಅಂದರೆ 85 ಇರಬೇಕು. ಸುರುಳಿಯದೇ 100 ಆಗಿದ್ದರೆ, ನಷ್ಟವಿಲ್ಲದ ಶೋಧಕಕ್ಕೆ ಹೋಲಿಸಿ ಹೊರಬರುವ ವೋಲ್ಟೇಜು 1ರಿಂದ 85/100 ಕಳೆದಷ್ಟು, ಎಂದರೆ 0.15. ಶಕ್ತಿಯು ಇದರ ವರ್ಗ: ನೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು! ಉಳಿದುದು ಸುರುಳಿಯ ನಷ್ಟದ ದೆಸೆಯಿಂದ ದಾಟಲಿಲ್ಲ. ಸುರುಳಿಯ ಗುಣಾಂಕವನ್ನು 250ಕ್ಕೆ ಏರಿಸಿದರೆ ಸುಮಾರು 44 ಪಾಲು ದಕ್ಕುತ್ತದೆ. 85ಕ್ಕಿಂತ ಕೀಳಾದ ಸುರುಳಿಯಿಂದ ಅಷ್ಟು ಕಿರಿದಾದ ಏಕಮಂಡಲ ಶೋಧಕವನ್ನು ಕಟ್ಟಲಾಗದು, ಧಾರಕವನ್ನು ಎಷ್ಟು ತಿರುಗಿಸಿದರೂ ಸರಿಯೆ.

ಸೂಪರ್‌ಹೆಟರೊಡೈನ್ ರೇಡಿಯೋ ಇದನ್ನು ಬೇರೊಂದು ದಾರಿಯಿಂದ ನಿಭಾಯಿಸುತ್ತದೆ. ಬಂದ ಸಂಕೇತವನ್ನು ಅದು 455 ಕಿಲೋಹರ್ಟ್ಸಿಗೆ ಇಳಿಸಿಕೊಳ್ಳುತ್ತದೆ. ಅಲ್ಲಿ ಅದೇ 9 ಕಿಲೋಹರ್ಟ್ಸ್ ಅಗಲಕ್ಕೆ 50ರಷ್ಟು ಗುಣಾಂಕ ಸಾಕು; 100ರ ಸುರುಳಿಯೂ ಶಕ್ತಿಯ ಕಾಲು ಭಾಗವನ್ನು ದಾಟಿಸುತ್ತದೆ.