ಖಂಡೆ ಪೂಜೆಯ ಬಂದೂಕು: ತುಕ್ಕು ತೆಗೆಯುವ ಮೊದಲು ಒಂದು ಲೆಕ್ಕ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನ ಕೆಲವು ಹಳೇ ಮನೆಗಳಲ್ಲಿ ಮಹಾನವಮಿಯ ಖಂಡೆ ಪೂಜೆಗೆ ಕುಡುಗೋಲು, ಕೊಡಲಿ, ಟ್ರ್ಯಾಕ್ಟರ್ ಜೊತೆಗೆ ಒಂದು ಉದ್ದನೆಯ ಬೇಟೆ ಬಂದೂಕೂ ಅಟ್ಟದಿಂದ ಇಳಿಯುತ್ತದೆ. ಅರಿಷಿಣ-ಕುಂಕುಮ ಹಚ್ಚಿ, ಕಾಯಿ ಒಡೆದು, ಅದೇ ಕಾಯಿನೀರು ಅದರ ಮ್ಯಾಲೆ ಚಿಮುಕಿಸಿ, ಮರುದಿನ ಮತ್ತೆ ಅಟ್ಟಕ್ಕೆ. ಮನೆಯಲ್ಲಿ ಮೆಕ್ಯಾನಿಕಲ್ ಓದೋ ಹುಡುಗ ಇದ್ದರೆ ಅಜ್ಜ ಕೇಳೇ ಕೇಳ್ತಾರ: "ಏನಪಾ, ಇದನ್ನ ಮತ್ತ ನಡೆಯೂ ಹಂಗ ಮಾಡಾಕ ಆಗ್ತೈತೇನು?"

ಈ ಪ್ರಶ್ನೆಗೆ ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳಾಗಿ ಏನು ಉತ್ತರ ಕೊಡಬೇಕು ಅನ್ನೋದೇ ಈ ಪಾಠ. ಮೊದಲೇ ಹೇಳಿಬಿಡುತ್ತೇವೆ: "ನಡೆಯುವುದು" ಅಂದರೆ ಎರಡು ಅರ್ಥ. ಬಂದೂಕಿನ ಯಂತ್ರಭಾಗ ಸರಿಯಾಗಿ ಚಲಿಸುವುದು ಒಂದು, ಗುಂಡು ಹಾರುವುದು ಇನ್ನೊಂದು. ಮೊದಲನೆಯದು ಬಹುಪಾಲು ಸಾಧ್ಯ. ಎರಡನೆಯದನ್ನು ನಿರ್ಧರಿಸುವುದು ನಮ್ಮ ಹುಮ್ಮಸ್ಸಲ್ಲ, ನಳಿಗೆಯ ಗೋಡೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ನೋಡಬೇಕು. 1959ರ ಶಸ್ತ್ರ ಕಾಯಿದೆಯ ಪ್ರಕಾರ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನಂದ್ರ, ಬಂದೂಕು ರಿಪೇರಿ ಮಾಡುವುದಕ್ಕೂ, ಪರೀಕ್ಷಿಸುವುದಕ್ಕೂ ಬೇರೆ ಲೈಸೆನ್ಸ್ ಬೇಕು. ಮಾಲೀಕನಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ನಮ್ಮ ಕಾಲೇಜು ವರ್ಕ್‌ಶಾಪಿನ ಲೇಥ್ ಮೇಲೆ ಅದನ್ನ ಏರಿಸೋ ಹಂಗಿಲ್ಲ. ರಿಪೇರಿಯ ನಂತರವೂ ಗುಂಡು ಹಾರಿಸಲಾಗದ ಹಳೆಯ, ಪುರಾತನ ಆಯುಧಕ್ಕೆ ಅದೇ ಕಾಯಿದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. "ರಿಪೇರಿಯ ನಂತರವೂ" ಅನ್ನೋ ಮಾತು ಮುಖ್ಯ. ಹಳೇದು, ತುಕ್ಕು ಹಿಡಿದದ್ದು ಅಂದ ಕೂಡಲೆ ವಿನಾಯಿತಿ ಸಿಗೂದಿಲ್ಲ. ಕಾಗದವೇ ಇಲ್ಲದ ಬಂದೂಕು ಮನೆಯಲ್ಲಿದ್ದರೆ ಒಬ್ಬ ವಕೀಲರನ್ನು ಕೇಳಿ ಮುಂದಿನ ಹೆಜ್ಜೆ ಇಡುವುದೇ ಸರಿ.

ಈ ಕಾಗದಪತ್ರದ ಹಿಂದೆ ನಮ್ಮದೇ ನೆಲದ ಕಥೆ ಇದೆ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯಿದೆ ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೊಡಲು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಎಸ್ಸೆಸ್ಸೆಲ್ಸಿಯಲ್ಲಿ ಆ ಲಾವಣಿ ಓದಿ ಅಂಕ ತಗೊಂಡವರು ನಾವೇ. ಜೆ.ಎಫ್. ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿಯೇ ಅದನ್ನು ಸಂಗ್ರಹಿಸಿದ್ದು, ಇದೊಂದು ವಿಚಿತ್ರ. ಬಂದೂಕು ಅಂದರೆ ಬೇಟೆಯ ಸಾಮಾನು ಮಾತ್ರವಲ್ಲ, ಅನ್ನದ ದಾರಿ, ಮಾನದ ಗುರುತು ಎಂದು ನಂಬಿದ್ದ ಜನ ಅವರು. 1878ರ ಶಸ್ತ್ರ ಕಾಯಿದೆ ಲೈಸೆನ್ಸಿನ ಪದ್ಧತಿಯನ್ನು ಗಟ್ಟಿ ಮಾಡಿತು. ಹಾಗಾಗಿ ಅಜ್ಜ ಆ ಕಬ್ಬಿಣದ ತುಂಡಿಗೆ ಕೈಮುಗಿದರೆ ನಗಬೇಡಿ.

ಈಗ ಕೆಲಸಕ್ಕೆ ಬರೋಣ. ಉದಾಹರಣೆಗೆ ಬಾಯಿಯಿಂದ ಮದ್ದು ತುಂಬುವ, ತಾಮ್ರದ ಟೋಪಿ ಇಟ್ಟು ಹೊಡೆಯುವ ಹಳೆ ಕಾಲದ ರೈಫಲ್ ಹಿಡಿಯೋಣ. (ನಳಿಗೆಯೊಳಗೆ ಸುರುಳಿ ಗೀರು ಇದ್ದರೆ ರೈಫಲ್; ನುಣುಪಿದ್ದರೆ ಸಾದಾ ಬಂದೂಕು.)

ಮೊಟ್ಟಮೊದಲ ಪ್ರಶ್ನೆ: ಒಳಗೆ ಮದ್ದು ಐತೋ ಇಲ್ಲೋ? ಬಾಯಿಯಿಂದ ತುಂಬುವ ಬಂದೂಕನ್ನು ಹಿಂದಿನಿಂದ ತೆರೆದು ನೋಡಲು ಬರುವುದಿಲ್ಲ. ತುಂಬಿಟ್ಟು ಮರೆತ ಬಂದೂಕುಗಳು ತಲೆಮಾರುಗಟ್ಟಲೆ ಹಾಗೇ ಇರುತ್ತವೆ. ಕರಿಮದ್ದು ಒಣಗಿದ್ದರೆ ನೂರು ವರ್ಷವಾದರೂ ಸಾಯುವುದಿಲ್ಲ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಅಲ್ಲಿನ ಅಂತರ್ಯುದ್ಧದ ಕಾಲದ ಒಂದು ಫಿರಂಗಿ ಗುಂಡನ್ನು ಸ್ವಚ್ಛ ಮಾಡುವಾಗ ಅದು ಸಿಡಿದು ಸಂಗ್ರಾಹಕರೊಬ್ಬರು ತೀರಿಕೊಂಡರು. ನೋಡುವ ವಿಧಾನ ಸರಳ. ಬಾಯಿಯ ಮುಂದೆ ಮುಖ, ಎದೆ ಬಾರದಂತೆ ಪಕ್ಕಕ್ಕೆ ನಿಂತು, ಒಂದು ಕಟ್ಟಿಗೆಯ ಕಡ್ಡಿಯನ್ನು ನಿಧಾನಕ್ಕೆ ಒಳಗೆ ಬಿಟ್ಟು, ಬಾಯಿಯ ಅಂಚಿಗೆ ಗುರುತು ಹಾಕಿ ಹೊರಗೆ ತೆಗೆಯಿರಿ. ಅದೇ ಕಡ್ಡಿಯನ್ನು ನಳಿಗೆಯ ಹೊರಗೆ ಇಟ್ಟು ಅಳೆಯಿರಿ. ಕಡ್ಡಿ ಟೋಪಿ ಕೂಡುವ ಮೊಲೆಯ ಹತ್ತಿರದವರೆಗೆ ಹೋಗದೆ ಕೆಲವು ಸೆಂಟಿಮೀಟರ್ ಹಿಂದೆಯೇ ನಿಂತಿದ್ದರೆ ಒಳಗೆ ಏನೋ ಇದೆ. ಅಲ್ಲಿಗೆ ನಮ್ಮ ಪಾಠ ಮುಗಿಯಿತು. ಕೈ ಬಿಟ್ಟು ಲೈಸೆನ್ಸ್ ಇರುವ ರಿಪೇರಿಯವರನ್ನು ಕರೆಯಿರಿ. ಕೆದಕೂದು, ಕಾಸೂದು ಮಾಡಬ್ಯಾಡ್ರಿ.

ಖಾಲಿ ಅಂತ ಖಾತ್ರಿಯಾದ ಮೇಲೆ ತುಕ್ಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಮೊದಲೇ ಎಣ್ಣೆ ಸುರಿಯುವುದು. ಕರಿಮದ್ದು ಸುಟ್ಟರೆ ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್ ಉಳಿಯುತ್ತವೆ. ಹಳೆಯ ಟೋಪಿಗಳಲ್ಲಿದ್ದ ಕ್ಲೋರೇಟು ಸುಟ್ಟು ಪೊಟ್ಯಾಸಿಯಂ ಕ್ಲೋರೈಡ್ ಆಗುತ್ತದೆ. ಅದು ನಮ್ಮ ಅಡುಗೆ ಉಪ್ಪಿನ ಅಣ್ಣ ಇದ್ದಂಗ. ಇವು ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಎಣ್ಣೆ ಅದನ್ನು ಮುಚ್ಚಿಡುತ್ತದೆ ಅಷ್ಟೆ. ಹಾಗಾಗಿ ಮೊದಲು ಕುದಿಯುವ ನೀರು, ಸ್ವಲ್ಪ ಸೋಪು, ಪೂರ್ತಿ ಒಣಗಿಸಿ ಆಮೇಲೆ ಎಣ್ಣೆ. ತುಕ್ಕಿಗೆ ನೀರು ಹಾಕೂದಾ ಅಂತ ಮನೆಯವರು ಹೌಹಾರುತ್ತಾರೆ. ರಸಾಯನಶಾಸ್ತ್ರ ನಮ್ಮ ಕಡೆ ಇದೆ.

ಹೊರಮೈಯ ಕೆಂಪು ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ಕನ್ನಡಿ ಮಾಡಬೇಡಿ. ಕೆಂಪು ತುಕ್ಕನ್ನು ನೀರಿನಲ್ಲಿ ಕುದಿಸಿದರೆ ಅದು ಕಪ್ಪು ಮ್ಯಾಗ್ನೆಟೈಟ್ ಆಗಿ ಬದಲಾಗುತ್ತದೆ, ಇದು ಕಬ್ಬಿಣಕ್ಕೆ ಅಂಟಿ ಕೂತು ರಕ್ಷಣೆ ಕೊಡುತ್ತದೆ. ಹಳೇ ಕಾರಿಗರು ನಳಿಗೆಗೆ ಕಪ್ಪು ಬಣ್ಣ ಬರಿಸುತ್ತಿದ್ದುದೇ ಹೀಗೆ: ಬೇಕಂತಲೇ ತುಕ್ಕು ಹಿಡಿಸಿ, ಕುದಿಸಿ, ಸಡಿಲ ಪುಡಿ ಒರೆಸಿ, ಮತ್ತೆ ಹಿಡಿಸಿ. ಉಜ್ಜಿದರೆ ಇನ್ನೊಂದು ನಷ್ಟವೂ ಇದೆ. ಇಂಗ್ಲೆಂಡಿನಲ್ಲಿ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮನೆ 1813ರಿಂದ ಇದೆ, ಲಂಡನ್ನಿನದು ಇನ್ನೂ ಹಳೆಯದು. ಅಲ್ಲಿ ಪಾಸಾದ ನಳಿಗೆಗೆ ಬುಡದಲ್ಲಿ ಸಣ್ಣ ಮುದ್ರೆ ಇರುತ್ತದೆ. ಎಮರಿ ತಿಕ್ಕಿದರೆ ಬಂದೂಕಿನ ಜಾತಕವೇ ಹೋಯಿತು.

ಬೀಗದ ಭಾಗ, ಅಂದರೆ ಸುತ್ತಿಗೆ, ಟ್ರಿಗರ್, ಸ್ಪ್ರಿಂಗು ಇರುವ ತಟ್ಟೆ, ಬಿಚ್ಚುವುದು ತಾಳ್ಮೆಯ ಕೆಲಸ. ಸ್ಕ್ರೂ ಕಚ್ಚಿಕೊಂಡಿದ್ದರೆ ಬನಹಟ್ಟಿಯ ಪವರ್‌ಲೂಮ್ ರಿಪೇರಿಯವರ ಉಪಾಯ ನೆನಪಿಡಿ: ಎಣ್ಣಿ ಬಿಟ್ಟು ರಾತ್ರಿ ಪೂರ್ತಿ ಬಿಡು, ಜೋರು ಮಾಡಬ್ಯಾಡ. ಸ್ಕ್ರೂಡ್ರೈವರಿನ ತುದಿ ಸೀಳಿಗೆ ಪೂರ್ತಿ ತುಂಬಿ ಕೂಡಬೇಕು, ಇಲ್ಲದಿದ್ದರೆ ಸೀಳು ಹರಿಯುತ್ತದೆ. ಒಳಗೆ ನೋಡಬೇಕಾದ್ದು ಸುತ್ತಿಗೆಯ ಬುಡದ ಎರಡು ಹಲ್ಲು: ಅರ್ಧ ಎಳೆದಾಗ ನಿಲ್ಲುವುದು, ಪೂರ್ತಿ ಎಳೆದಾಗ ನಿಲ್ಲುವುದು. ಅರ್ಧದ ಹಲ್ಲು ಸವೆದಿದ್ದರೆ ಟ್ರಿಗರ್ ಮುಟ್ಟದೆಯೇ ಸುತ್ತಿಗೆ ಬೀಳುತ್ತದೆ. ಇದನ್ನು ಸರಿಪಡಿಸುವುದು, ಮುರಿದ ಸ್ಪ್ರಿಂಗನ್ನು ಹೊಸದಾಗಿ ಹದ ಹಾಕಿ ಮಾಡುವುದು ಲೈಸೆನ್ಸ್ ಇರುವ ಕೈಯ ಕೆಲಸ. ಪಕ್ಕ ಕೂತು ನೋಡಿದರೆ ಮೆಟಲರ್ಜಿಯ ಒಂದು ಇಡೀ ಯೂನಿಟ್ ಅರ್ಥವಾಗುತ್ತದೆ.

ಇನ್ನು ಮುಖ್ಯ ಲೆಕ್ಕ. ದಪ್ಪ ಸಿಲಿಂಡರಿನ ಲಾಮೆ ಸಮೀಕರಣವನ್ನು ಐದು ಅಂಕದ ಪ್ರಶ್ನೆ ಅಂತ ಬಾಯಿಪಾಠ ಮಾಡಿದ್ದೇವಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ನಳಿಗೆಯ ಬುಡದಲ್ಲಿ ಒಳವ್ಯಾಸ 14.6 ಮಿ.ಮೀ., ಹೊರವ್ಯಾಸ 28 ಮಿ.ಮೀ. ಅಂತ ಹಿಡಿಯೋಣ. ತ್ರಿಜ್ಯ 7.3 ಮತ್ತು 14. ಅವುಗಳ ವರ್ಗ ಸುಮಾರು 53 ಮತ್ತು 196. ಎರಡರ ಮೊತ್ತ 249, ವ್ಯತ್ಯಾಸ 143. ಭಾಗಿಸಿದರೆ ಸುಮಾರು 1.75. ಅಂದರೆ ಒಳಗಿನ ಅನಿಲದ ಒತ್ತಡ ಎಷ್ಟೋ, ನಳಿಗೆಯ ಒಳಮೈಯನ್ನು ಸೀಳುವ ಸ್ಟ್ರೆಸ್ ಅದರ 1.75 ಪಟ್ಟು.

ಕರಿಮದ್ದಿನ ಒತ್ತಡ ಸುಮಾರು 70 ಮೆಗಾಪಾಸ್ಕಲ್ ಅಂತ ಇಟ್ಟುಕೊಂಡರೆ ಸ್ಟ್ರೆಸ್ 122. ಹಳೆ ನಳಿಗೆಯ ಮೆದು ಕಬ್ಬಿಣ ಸುಮಾರು 200ರ ಹತ್ತಿರ ಸೋಲುತ್ತದೆ. ಹೊಸದಾಗಿದ್ದಾಗ ತಡೆಯಿತು, ಸರಿ. ಈಗ ಅದೇ ಒಳಮೈಯಲ್ಲಿ ತುಕ್ಕು ತಿಂದ ಕುಳಿಗಳಿವೆ. ಕುಳಿಯ ತಳದಲ್ಲಿ ಸ್ಟ್ರೆಸ್ ಎರಡು ಪಟ್ಟಾದರೂ 244 ಆಯಿತು. ಅಜ್ಜನ ಕಾಲದಲ್ಲಿ ನಡೆದದ್ದು ಇವತ್ತು ಯಾಕೆ ನಡೆಯೂದಿಲ್ಲ ಅನ್ನೋದಕ್ಕೆ ಇದೇ ಉತ್ತರ. ಯಾರಾದರೂ ಇಂದಿನ ಹೊಗೆರಹಿತ ರೈಫಲ್ ಮದ್ದು ತುಂಬಿದರೆ? ಒತ್ತಡ 350ರ ಆಸುಪಾಸು, ಸ್ಟ್ರೆಸ್ 600 ದಾಟುತ್ತದೆ. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯಾದರೆ ಬೆಸುಗೆಯೊಳಗಿನ ದೋಷ ಕಣ್ಣಿಗೂ ಕಾಣುವುದಿಲ್ಲ. ಸಿಡಿಯುವುದು ಎಡಗೈ ಹಿಡಿದ ಜಾಗದಲ್ಲಿ, ಕಣ್ಣಿನಿಂದ ಒಂದೆರಡು ಗೇಣು ದೂರದಲ್ಲಿ.

ಹಾರಿಸಿ ಹೊಡೆಯುವುದಾದರೂ ಏನನ್ನು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಆ ಬೇಟೆಯೇ ಇಲ್ಲ. ಬೀಳಗಿ-ಮುಧೋಳ ನಡುವಿನ ಯಡಹಳ್ಳಿ ಗುಡ್ಡಗಳು ಇವತ್ತು ಚಿಂಕಾರಗಳ ವನ್ಯಜೀವಿ ಧಾಮ, ಸುಮಾರು 96 ಚದರ ಕಿ.ಮೀ. ಬೇಟೆಗೆಂದೇ ಬೆಳೆಸಿದ ಮುಧೋಳ ನಾಯಿಗೆ ಸೈನ್ಯದಲ್ಲಿ ನೌಕರಿ ಸಿಕ್ಕಿತು, 2005ರಲ್ಲಿ ಅಂಚೆಚೀಟಿಯೂ ಬಂತು. ಬಂದೂಕಿಗೆ ಉಳಿದದ್ದು ಅಟ್ಟ.

ಹಾಗಾದರೆ ಅಜ್ಜನಿಗೆ ಏನು ಹೇಳೂದು? ಸುತ್ತಿಗೆ ಎಳೆದರೆ "ಟಕ್" ಅಂತ ನಿಲ್ಲುವ ಹಾಗೆ, ಟ್ರಿಗರ್ ಒತ್ತಿದರೆ ಬೀಳುವ ಹಾಗೆ ಮಾಡಿಸೋಣ, ಗುಂಡು ಬೇಡ ಅಂತ. ಬೀಳುವ ಸುತ್ತಿಗೆಯ ಕೆಳಗೆ ಒಂದು ಚರ್ಮದ ತುಂಡು ಇಟ್ಟರೆ ಮೊಲೆ ಜಜ್ಜುವುದಿಲ್ಲ.

ಕಟ್ಟಿಗೆಯ ಹಿಡಿಗೆ ಬೇಕಾದ್ದು ನಮ್ಮ ಹೊಲದಲ್ಲೇ ಇದೆ: ಅಗಸಿ ಎಣ್ಣಿ. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿ ಪದರವಾಗುತ್ತದೆ, ಶೇಂಗಾ ಎಣ್ಣಿ ಹಾಗಾಗುವುದಿಲ್ಲ. ಬೆರಳಿನಿಂದ ತೆಳ್ಳಗೆ ತಿಕ್ಕಿ, ಒಣಗಲು ದಿನಗಟ್ಟಲೆ ಬಿಟ್ಟು, ಮತ್ತೆ ತಿಕ್ಕಬೇಕು. ತಗ್ಗು ಬಿದ್ದ ಕಡೆ ಒದ್ದೆ ಅರಿವೆ ಹಾಸಿ ಮೇಲೆ ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಹಬೆಗೆ ಕಟ್ಟಿಗೆಯ ನಾರು ಉಬ್ಬಿ ತಗ್ಗು ಏಳುತ್ತದೆ. ಅಗಸಿ ಎಣ್ಣಿಯ ಅರಿವೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಒಣಹಾಕಿ.

ಮುಂದಿನ ಮಹಾನವಮಿಗೆ ಕಾಯಿನೀರು ನೇಗಿಲಿಗೆ ಇರಲಿ. ಬಂದೂಕಿಗೆ ಕುಂಕುಮವನ್ನು ಕಟ್ಟಿಗೆಯ ಮೇಲಷ್ಟೇ ಇಟ್ಟು, ಮರುದಿನ ಒಣ ಅರಿವೆಯಿಂದ ಒರೆಸಿ, ನಳಿಗೆಗೆ ಒಂದು ಕೈ ತೆಳ್ಳಗೆ ಎಣ್ಣೆ ಸವರಿ ಇಡಿ.