ಉರಿಯದ ಬಲ್ಬಿಗೆ ಎಷ್ಟು ಕೊಡ್ತೀರಿ?

ಹಳೆಯ ಸಾಮಾನಿಗೆ ಎರಡು ಬೆಲೆ. ಮಾರುವವನು ಹೇಳುವುದು ಒಂದು, ಕೊಳ್ಳುವವನು ಜೇಬಿನಿಂದ ತೆಗೆದು ಎಣಿಸಿ ಕೊಡುವುದು ಇನ್ನೊಂದು. ಮೊದಲನೆಯದು ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಸಿಗುತ್ತದೆ. ಎರಡನೆಯದು ಗೊತ್ತಾಗಬೇಕಾದರೆ ತಾಳ್ಮೆ ಬೇಕು, ಅದು ಗೊತ್ತಾದ ಮೇಲೆ ಮುಖ ಸಣ್ಣದಾಗದಂತೆ ನೋಡಿಕೊಳ್ಳಲೂಬೇಕು. ಬಂಗಾರಕ್ಕೆ ಈ ತಾಪತ್ರಯವಿಲ್ಲ, ದಿನದ ದರ ಪೇಪರಿನಲ್ಲೇ ಬರುತ್ತದೆ. ಬಲ್ಬಿಗೆ ದಿನದ ದರ ಎಲ್ಲಿಂದ ಬರಬೇಕು?

ಬಲ್ಬಿನ ಮಾತು ಬಂದದ್ದು ಕಾಶಿಯಲ್ಲಿ. ಅಲ್ಲಿನ ಭೇಲೂಪುರದಲ್ಲಿ, ಪಾರ್ಶ್ವನಾಥರ ಜೈನ ಮಂದಿರದಿಂದ ಸ್ವಲ್ಪ ದೂರದ ಗಲ್ಲಿಯಲ್ಲಿ ನನ್ನ ಸೋದರತ್ತೆಯ ಮನೆ. ಅತ್ತೆಯ ಮಾವ ಉಡುಪಿ ಕಡೆಯಿಂದ ಹೋಗಿ, ಹನುಮಾನ್ ಘಾಟಿನಲ್ಲಿ ನಮ್ಮ ಕಡೆಯ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸಿಕೊಂಡು ನೆಲೆ ನಿಂತವರು. ಈಗ ಮನೆ ಬಿಲ್ಡರಿಗೆ ಹೋಗುತ್ತಿದೆ. ಸಾಮಾನು ಖಾಲಿ ಮಾಡುವಾಗ ದುಛತ್ತಿಯಿಂದ, ಅಂದರೆ ಬಾಗಿಲ ಮೇಲಿನ ಅಟ್ಟದಿಂದ, ಒಂದು ತಗಡಿನ ಟ್ರಂಕು ಇಳಿಯಿತು. ಒಳಗೆ ‘ಆಜ್’ ಪತ್ರಿಕೆಯ ಹಾಳೆಗಳಲ್ಲಿ ಸುತ್ತಿಟ್ಟ ಬಲ್ಬುಗಳು. ಅತ್ತೆಯ ಮೊಮ್ಮಗ ಆಗಲೇ ಫೋನ್ ಹಿಡಿದಿದ್ದ. “ಮಾವ, ಇಲ್ಲಿ ನೋಡಿ, ಇಂಥದ್ದೇ ಒಂದಕ್ಕೆ ನಲವತ್ತು ಸಾವಿರ ಹಾಕಿದ್ದಾರೆ!”

ಅತ್ತೆ ಕುರ್ಚಿಯಿಂದಲೇ ಹೇಳಿದರು: “ಹಾಕಿದ್ದಾರೆ ಸರಿ ಮಾರಾಯ, ತಗೊಂಡವರು ಯಾರು?”

ಅರ್ಥಶಾಸ್ತ್ರ ಓದಿದವರು ಇದನ್ನೇ ಹೇಳಲು ಒಂದು ಅಧ್ಯಾಯ ತೆಗೆದುಕೊಳ್ಳುತ್ತಾರೆ. ಹರಾಜಿನ ತಾಣಗಳಲ್ಲಿ ‘ಮಾರಾಟವಾದವು’ ಎಂದು ಬೇರೆ ಪಟ್ಟಿ ಇರುತ್ತದೆ, ನೋಡಬೇಕಾದದ್ದು ಅದನ್ನು. ಕೇಳಿದ ಬೆಲೆಯ ಪಟ್ಟಿಯಲ್ಲಿರುವುದು ಮಾರಾಟವಾಗದೆ ಉಳಿದ ಮಾಲು. ಆದರೆ ಯಾವ ಪಟ್ಟಿ ನೋಡುವ ಮುಂಚೆಯೂ ಕೈಯಲ್ಲಿರುವುದು ಏನು ಎಂದು ತಿಳಿಯಬೇಕು.

ಬಲ್ಬನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲು ಒಳಗಿನ ತಂತಿ ನೋಡಿ. ಎಡಿಸನ್ 1879ರಲ್ಲಿ ಉರಿಸಿದ್ದು ಕಾರ್ಬನ್ ತಂತು. ಅದು ದಪ್ಪ, ಹೊಳಪಿಲ್ಲದ ಬೂದು-ಕಪ್ಪು, ಒಂದೋ ಎರಡೋ ಸುತ್ತು ಹಾಕಿ ಇಳಿಬಿದ್ದಿರುತ್ತದೆ. ಟಂಗ್‌ಸ್ಟನ್ ತಂತಿ ಬಂದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಅದನ್ನು ಎಳೆದು ಸಪೂರ ಮಾಡುವ ವಿದ್ಯೆಯನ್ನು ಕೂಲಿಜ್ ಎಂಬಾತ 1910ರ ಹೊತ್ತಿಗೆ ಸಾಧಿಸಿದ. ಆ ಕಾಲದ ಬಲ್ಬಿನಲ್ಲಿ ತಂತಿ ಮೇಲೆ-ಕೆಳಗೆ ಓಡಾಡಿ ಪಂಜರ ಕಟ್ಟಿರುತ್ತದೆ. 1913ರಲ್ಲಿ ಲ್ಯಾಂಗ್‌ಮ್ಯೂರ್ ತಂತಿಯನ್ನು ಸುರುಳಿ ಸುತ್ತಿ, ಗಾಜಿನೊಳಗೆ ಅನಿಲ ತುಂಬಿದ. ನಮ್ಮ ನಿಮ್ಮ ಮನೆಗಳಲ್ಲಿ ಉರಿದದ್ದೆಲ್ಲ ಅದರ ಸಂತಾನ. ಒಳಮೈ ಮಂಜು ಬಡಿದಂತಿರುವ ಬಿಳಿ ಬಲ್ಬು ಇನ್ನೂ ಈಚಿನದು, 1925ರ ನಂತರದ್ದು.

ಎರಡನೆಯದು ನೆತ್ತಿ. ಒಳಗಿನ ಗಾಳಿ ಎಳೆದು ನಳಿಗೆಯನ್ನು ಕರಗಿಸಿ ಮುಚ್ಚಿದ ಕಡೆ ಗಾಜಿನ ಒಂದು ಚೂಪು ಮೊನೆ ಉಳಿಯುತ್ತಿತ್ತು. 1920ರ ನಂತರ ಗಾಳಿಯನ್ನು ಬುಡದ ಕಡೆಯಿಂದ ಎಳೆಯುವ ಪದ್ಧತಿ ಬಂತು, ಮನೆಬಳಕೆಯ ಬಲ್ಬಿನ ನೆತ್ತಿ ನುಣ್ಣಗಾಯಿತು. ಅಲಂಕಾರದ ಸಣ್ಣ ಬಲ್ಬುಗಳಲ್ಲಿ ಮೊನೆ ಇನ್ನಷ್ಟು ಕಾಲ ಉಳಿಯಿತು, ಹಾಗಾಗಿ ಮೊನೆಯೊಂದನ್ನೇ ನಂಬಿ ಕೂರಬೇಡಿ. ಕಾರ್ಬನ್ನನ್ನೂ ಅಷ್ಟೆ. ಟಂಗ್‌ಸ್ಟನ್ ಗೆದ್ದ ಮೇಲೂ ವಿಶೇಷ ಕೆಲಸಗಳಿಗಾಗಿ ಕಾರ್ಬನ್ ಬಲ್ಬು ದಶಕಗಟ್ಟಲೆ ತಯಾರಾಗಿದೆ. ಮೊನೆ, ತಂತು, ಬುಡದ ಹಿತ್ತಾಳೆ, ಗಾಜಿನ ಮೇಲಿನ ಅಕ್ಷರ ಎಲ್ಲವೂ ಒಂದೇ ಕಾಲ ಹೇಳಿದರೆ ಮಾತ್ರ ಒಪ್ಪಿಕೊಳ್ಳಿ.

ಅಕ್ಷರ ಎಂದೆ. ದಯವಿಟ್ಟು ಬಲ್ಬನ್ನು ತೊಳೆಯಬೇಡಿ. ಮೊಹರು ಶಾಯಿಯದಾಗಿದ್ದರೆ ಒಂದೇ ಒರಸಿಗೆ ಕಂಪನಿಯ ಹೆಸರು ಹೋಗುತ್ತದೆ, ಅದರ ಜೊತೆಗೆ ಅರ್ಧ ಬೆಲೆಯೂ ಹೋಗುತ್ತದೆ. ಒಣ ಹತ್ತಿ ಬಟ್ಟೆ ಸಾಕು, ಅದೂ ಮೊಹರಿನ ಜಾಗ ಬಿಟ್ಟು. ಹೆಸರು ಸಿಕ್ಕರೆ ‘ಇದಕ್ಕಿಂತ ಹಳೆಯದಲ್ಲ’ ಎಂಬ ಗಡಿ ಸಿಕ್ಕಿತು. ಆಸ್ರಾಮ್ ಎಂದಿದ್ದರೆ 1906ಕ್ಕಿಂತ ಹಿಂದಿನದಲ್ಲ, ಮ್ಯಾಜ್ಡಾ ಎಂದಿದ್ದರೆ 1909ಕ್ಕಿಂತ ಹಿಂದಿನದಲ್ಲ, ಕಲ್ಕತ್ತೆಯ ಬೆಂಗಾಲ್ ಲ್ಯಾಂಪ್ ಆದರೆ 1932ರಿಂದೀಚಿನದು. ಸುತ್ತಿದ ಪತ್ರಿಕೆಯ ತಾರೀಖು ಇಂಥ ಗಡಿಯಲ್ಲ. ನಮ್ಮ ‘ಆಜ್’ ಹಾಳೆಗಳು ಐವತ್ತರ ದಶಕದವು. ಯಾರೋ ಆಗ ಕಟ್ಟಿಟ್ಟರು ಎಂದಷ್ಟೇ ಅದರಿಂದ ತಿಳಿಯಿತು.

ಟ್ರಂಕಿನಲ್ಲಿ ಹೆಚ್ಚಿನವು ಸಾದಾ ಅರವತ್ತು, ನೂರು ವ್ಯಾಟಿನವು. ಎಲ್ಲ ಪಿನ್ ಬಲ್ಬುಗಳು, ಬ್ರಿಟಿಷರು ನಮಗೆ ಬಿಟ್ಟುಹೋದ ಹೋಲ್ಡರಿಗೆ ಕೂರುವಂಥವು. ಎರಡರ ನೆತ್ತಿಯಲ್ಲಿ ಮಾತ್ರ ಮೊನೆ ಇತ್ತು. ಒಂದರ ಕತ್ತಿನ ಬಳಿ ಆಸಿಡ್ಡಿನಲ್ಲಿ ಕೊರೆದ ಬರಹ ಕಂಡೂ ಕಾಣದಂತಿತ್ತು. ಓರೆ ಹಿಡಿದಾಗ ಓದಲು ಬಂತು: 220 ವೋಲ್ಟ್, 16 ಕ್ಯಾಂಡಲ್ ಪವರ್. ವ್ಯಾಟ್ ಬರೆಯುವ ರೂಢಿ ಬರುವ ಮುಂಚೆ ಬೆಳಕನ್ನು ಮೇಣದ ಬತ್ತಿಯ ಲೆಕ್ಕದಲ್ಲೇ ಹೇಳುತ್ತಿದ್ದರು.

ಮೊಮ್ಮಗನಿಗೆ ಹೋಲ್ಡರಿಗೆ ಹಾಕಿ ಸ್ವಿಚ್ ಒತ್ತುವ ಅವಸರ. ನಾನು ಬಿಡಲಿಲ್ಲ. ನೂರು ವರ್ಷದ ಬುಡದಲ್ಲಿ ಇನ್ಸುಲೇಶನ್ ಹೇಗಿದೆಯೋ ಯಾರು ಬಲ್ಲರು. ಬಲ್ಬು 110 ವೋಲ್ಟಿನದಾಗಿದ್ದರಂತೂ ನಮ್ಮ ಮನೆಯ 230ಕ್ಕೆ ಒಂದು ಕ್ಷಣ ಫಳಕ್ಕೆಂದು ಮುಗಿಯುತ್ತದೆ. ಗಲ್ಲಿಯ ಬಿಜಲಿ ಮಿಸ್ತ್ರಿಯಿಂದ ಮಲ್ಟಿಮೀಟರ್ ತರಿಸಿದೆವು. ಇನ್ನೂರು ಮುನ್ನೂರು ರೂಪಾಯಿಯ ಈ ಪೆಟ್ಟಿಗೆ ತಂತಿ ಕಡಿದಿದೆಯೋ ಇಲ್ಲವೋ ಎಂಬುದರ ಜೊತೆಗೆ ತಂತಿ ಯಾವ ಜಾತಿಯದು ಎಂಬುದನ್ನೂ ಹೇಳುತ್ತದೆ. 230 ವೋಲ್ಟಿನ 60 ವ್ಯಾಟ್ ಬಲ್ಬಿನ ರೋಧ ಉರಿಯುವಾಗ ಸುಮಾರು 880 ಓಮ್. ಟಂಗ್‌ಸ್ಟನ್ ತಣ್ಣಗಿದ್ದಾಗ ಅದರ ರೋಧ ಹತ್ತು-ಹದಿನೈದು ಪಾಲು ಕಡಿಮೆ, ಹಾಗಾಗಿ ಮೀಟರಿನಲ್ಲಿ ಅರವತ್ತು-ಎಪ್ಪತ್ತು ಕಾಣುತ್ತದೆ. ಕಾರ್ಬನ್ನಿನದು ತದ್ವಿರುದ್ಧ, ತಣ್ಣಗಿದ್ದಾಗಲೇ ಅದರ ರೋಧ ಹೆಚ್ಚು, ಕಾದಂತೆ ಇಳಿಯುತ್ತದೆ. ನಮ್ಮ ಹದಿನಾರು ಕ್ಯಾಂಡಲ್ಲಿನದಕ್ಕೆ ಮೀಟರಿನ ಮುಳ್ಳು ಹಚ್ಚಿದಾಗ ಅಂಕಿ ಸಾವಿರದ ಆರುನೂರು ದಾಟಿ ನಿಂತಿತು. ಮಿಸ್ತ್ರಿ ಮೀಟರನ್ನೇ ಒಮ್ಮೆ ಕುಟ್ಟಿ ನೋಡಿದ. ಮೊನೆಯ ಇನ್ನೊಂದು ಬಲ್ಬಿಗೆ ಮೀಟರ್ ಏನನ್ನೂ ತೋರಿಸಲಿಲ್ಲ. ತಂತು ಬುಡದಲ್ಲಿ ಕಡಿದಿತ್ತು.

ಹಳೆಯ ಬಲ್ಬು ಸಾಯುವುದೇ ಇಲ್ಲ ಎಂಬ ನಂಬಿಕೆಯೂ ಬೆಲೆಯನ್ನು ಉಬ್ಬಿಸುತ್ತದೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಒಂದು ಬಲ್ಬು ಉರಿಯುತ್ತಿರುವುದು ನಿಜ. ಶೆಲ್ಬಿ ಕಂಪನಿಯ ಕಾರ್ಬನ್ ಬಲ್ಬು ಅದು. ಈಗ ಅದು ಎಳೆಯುವುದು ಸುಮಾರು 4 ವ್ಯಾಟ್, ಕೊಡುವ ಬೆಳಕು ರಾತ್ರಿ ದೀಪದಷ್ಟು. ಮಂದವಾಗಿ ಉರಿಯುವುದರಿಂದಲೇ ಬಾಳುತ್ತಿದೆ. 1924ರಲ್ಲಿ ದೊಡ್ಡ ಕಂಪನಿಗಳು ಜಿನೀವಾದಲ್ಲಿ ಫೀಬಸ್ ಎಂಬ ಕೂಟ ಕಟ್ಟಿಕೊಂಡು ಬಲ್ಬಿನ ಆಯುಷ್ಯವನ್ನು ಸಾವಿರ ಗಂಟೆಗೆ ಕಟ್ಟಿಹಾಕಿದ್ದೂ ನಿಜವೇ. ಆದರೆ ಕರೆಂಟಿನ ಬಿಲ್ ಕಟ್ಟುವವರು ಒಂದು ಲೆಕ್ಕ ನೋಡಿ. ಹದಿನಾರು ಕ್ಯಾಂಡಲ್ಲಿನ ಕಾರ್ಬನ್ ಬಲ್ಬು ಐವತ್ತಕ್ಕೂ ಹೆಚ್ಚು ವ್ಯಾಟ್ ತಿಂದು ಕೊಡುವ ಬೆಳಕನ್ನು ಇಂದಿನ ಎಲ್‌ಇಡಿ ಎರಡೇ ವ್ಯಾಟಿನಲ್ಲಿ ಕೊಡುತ್ತದೆ. ದಿನಕ್ಕೆ ಐದು ಗಂಟೆಯಂತೆ ಉರಿಸಿದರೆ ಹಳೆಯದಕ್ಕೆ ತಿಂಗಳಿಗೆ ಎಂಟು ಯೂನಿಟ್, ಹೊಸದಕ್ಕೆ ಅರ್ಧ ಯೂನಿಟ್ಟೂ ಬೇಡ.

ನಕಲಿಯ ಮಾತೂ ಇದೆ. ಭೇಲೂಪುರದಿಂದ ಅಸ್ಸಿ ಘಾಟಿನ ಕಡೆ ನಡೆದರೆ ಕೆಫೆಗಳಲ್ಲಿ ‘ಎಡಿಸನ್ ಬಲ್ಬು’ಗಳು ತೂಗುತ್ತಿರುತ್ತವೆ. ಹಳದಿ ಗಾಜು, ಅಚ್ಚುಕಟ್ಟು ಪಂಜರ, ಸ್ಕ್ರೂ ಬುಡ, ಬುಡದ ಮೇಲೆ ವ್ಯಾಟ್ ಮತ್ತು ಯುರೋಪಿನ ಪ್ರಮಾಣದ ಗುರುತು. ನೂರು ವರ್ಷ ಹಳೆಯ ಬಲ್ಬಿನಲ್ಲಿ ಆ ಗುರುತು ಇರಲು ಸಾಧ್ಯವಿಲ್ಲ. ಒಂದಷ್ಟು ಧೂಳು ಬಳಿದು ಅವನ್ನೇ ‘ಪುರಾತನ’ ಎಂದು ಮಾರುವವರಿದ್ದಾರೆ.

ಮೊಮ್ಮಗ ಫೋಟೊ ಹಾಕಿದ ಮರುದಿನವೇ ಹೊರದೇಶದವನೊಬ್ಬ ದೊಡ್ಡ ಮೊತ್ತ ಹೇಳಿದ. ಕೂಡಲೇ, ವಿಮೆ ಮತ್ತು ಕಸ್ಟಮ್ಸ್ ಶುಲ್ಕಕ್ಕೆಂದು ನಾವೇ ಮೊದಲು ಸ್ವಲ್ಪ ಹಣ ಕಳಿಸಬೇಕು ಎಂದ. ಹಳೆಯ ನಾಣ್ಯ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು, ಹಳೆಯ ಟಿವಿಯೊಳಗಿನ ‘ರೆಡ್ ಮರ್ಕ್ಯುರಿ’ ಎಲ್ಲದರಲ್ಲೂ ನಡೆದದ್ದು ಇದೇ ಆಟ. ಹಳೆಯ ನೋಟು, ನಾಣ್ಯಗಳ ವಹಿವಾಟಿನಲ್ಲಿ ತನ್ನ ಹೆಸರು ಬಳಸಿ ಶುಲ್ಕ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿತ್ತು. ಮಾರುವವನು ದುಡ್ಡು ಕೊಡುವ ವ್ಯಾಪಾರ ಎಲ್ಲಾದರೂ ಉಂಟೇ?

ಅವನು ಪ್ರಾಮಾಣಿಕನಾಗಿದ್ದರೂ ನಾನು ಕಳಿಸಲು ಒಪ್ಪುತ್ತಿರಲಿಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಹಿಂದಿನ ಕಾಲದ ಕಲೆ-ವಿಜ್ಞಾನಗಳನ್ನು ತೋರಿಸುವ ವಸ್ತು ಪ್ರಾಚ್ಯವಸ್ತುವಾಗಬಹುದು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ದೇಶದೊಳಗೆ ಅದರ ವ್ಯಾಪಾರ ಮಾಡುವವರಿಗೂ ಪರವಾನಗಿ ಬೇಕು. ಮೊನೆಯ ಬಲ್ಬು ಆ ಗೆರೆಯ ಮೇಲೇ ನಿಂತಿತ್ತು. ತೆರಿಗೆಯ ಭಯ ಮಾತ್ರ ಅಷ್ಟಾಗಿ ಬೇಡ. ಮನೆಯಲ್ಲಿ ಸ್ವಂತಕ್ಕೆ ಬಳಸಿದ ಚರವಸ್ತು ಸಾಮಾನ್ಯವಾಗಿ ಬಂಡವಾಳ ಲಾಭದ ಲೆಕ್ಕಕ್ಕೆ ಬರುವುದಿಲ್ಲ. ಒಡವೆ, ಚಿತ್ರ, ಶಿಲ್ಪ, ಪುರಾತತ್ವ ಸಂಗ್ರಹದಂಥವಕ್ಕೆ ಈ ರಿಯಾಯಿತಿ ಇಲ್ಲ. ಕೊಂಡು ಮಾರುವುದನ್ನೇ ಕಸುಬು ಮಾಡಿಕೊಂಡರೆ ಅದು ವ್ಯಾಪಾರದ ಆದಾಯ.

ಕೊನೆಗೆ ಫೋಟೊಗಳನ್ನು ಬೆಂಗಳೂರಿನ ಪರಿಚಿತ ಸಂಗ್ರಾಹಕರೊಬ್ಬರಿಗೆ ಕಳಿಸಿದೆ. ಕಾರ್ಬನ್ ಬಲ್ಬಿಗೆ ಅವರು ಎರಡೂವರೆ ಸಾವಿರ ಹೇಳಿದರು, ಮರುಮಾತಿಲ್ಲದೆ ಒಪ್ಪಿದೆವು. ತಂತು ಕಡಿದ ಅದರ ಜೋಡಿ ಅವರಿಗೆ ಬೇಡ. ಆದರೆ ಟ್ರಂಕಿನ ಮೂಲೆಯಲ್ಲಿ ನಾವು ಲೆಕ್ಕಕ್ಕೇ ಇಡದ ಒಂದು ಬಲ್ಬಿನ ಮೇಲೆ ಅವರ ಕಣ್ಣು ಬಿತ್ತು. ಅದು ಮೈಸೂರು ಲ್ಯಾಂಪ್ಸ್ ಬಲ್ಬು, ರಟ್ಟಿನ ಡಬ್ಬಿಯ ಸಮೇತ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1936ರಲ್ಲಿ, ಮಲ್ಲೇಶ್ವರದಲ್ಲಿ ಶುರುವಾದ ಕಾರ್ಖಾನೆ ಅದು. 1905ರಲ್ಲೇ ಬೀದಿಗೆ ವಿದ್ಯುತ್ ದೀಪ ಕಂಡ ಬೆಂಗಳೂರಿಗೆ ಸ್ವಂತದ ಬಲ್ಬು ಬರಲು ಮೂರು ದಶಕ ಬೇಕಾಯಿತು. ಈ ಶತಮಾನದ ಶುರುವಿನಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಊರಿಂದ ಬಂದ ಯಾರೋ ಯಾತ್ರಿಕರು ಈ ಬಲ್ಬನ್ನು ಕಾಶಿಗೆ ಏಕೆ ಹೊತ್ತು ತಂದರೋ, ಅತ್ತೆಗೂ ನೆನಪಿಲ್ಲ. ತಂತಿ ಸುರುಳಿಯದು, ವಯಸ್ಸು ಹೆಚ್ಚೇನಿಲ್ಲ, ಬಲ್ಬಾಗಿ ಅದರಲ್ಲಿ ವಿಶೇಷವೂ ಇಲ್ಲ. ಉರಿಯುತ್ತದೆಯೇ ಎಂದು ಅವರು ಕೇಳಲೇ ಇಲ್ಲ. ಡಬ್ಬಿಯ ಮಡಿಕೆ ಹರಿದಿದೆಯೇ, ಅಚ್ಚಿನ ಬಣ್ಣ ಹೋಗಿದೆಯೇ, ಬೆಲೆಯ ಚೀಟಿ ಇದೆಯೇ ಎಂದು ವಿಚಾರಿಸಿ ಸಾವಿರದ ಎಂಟುನೂರು ಕೊಟ್ಟರು. ಬಲ್ಬು ಕೊಂಡವರು ಡಬ್ಬಿಯನ್ನು ಒಲೆಗೆ ಹಾಕುತ್ತಿದ್ದ ಕಾಲದ್ದು, ಉಳಿದಿರುವುದು ಕಡಿಮೆ. ಬೇಕೆನ್ನುವವರಲ್ಲಿ ಮಲ್ಲೇಶ್ವರದ ಸೈರನ್ ಕೇಳಿ ಬೆಳೆದವರೂ ಇದ್ದಾರೆ.

ಎರಡೂ ಸೇರಿ 4,300 ರೂಪಾಯಿ. ಗಟ್ಟಿ ಪೆಟ್ಟಿಗೆ, ಥರ್ಮೊಕೋಲು, ಕೊರಿಯರ್ ಕಳೆದು ಮೂರೂವರೆ ಸಾವಿರದ ಮೇಲೆ ಉಳಿಯಿತು. ಮೊಮ್ಮಗ ನಲವತ್ತು ಸಾವಿರದ ಗುಂಗಿನಿಂದ ಇಳಿಯಲು ಇನ್ನಷ್ಟು ದಿನ ಹಿಡಿಯಿತು. ಬಾಕಿ ಬಲ್ಬುಗಳನ್ನು ಕಬಾಡಿಯವನು ತೂಕಕ್ಕೂ ಮುಟ್ಟಲಿಲ್ಲ. ಗಾಜು ಒಡೆದು ಹಿತ್ತಾಳೆಯ ಬುಡ ಮಾತ್ರ ಕೊಡಿ ಎಂದ.

“ಒಡೆಯುವುದೆಂಥಕ್ಕೆ?” ಎಂದರು ಅತ್ತೆ. “ನೂರು ವ್ಯಾಟಿನದ್ದು ನಾಲ್ಕು ತೆಗೆದಿಡು. ಮಳೆಗಾಲದಲ್ಲಿ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಉರಿಸಿಟ್ಟರೆ ಪುಸ್ತಕಕ್ಕೆ ಬೂಷ್ಟು ಹಿಡಿಯುವುದಿಲ್ಲ. ನಿನ್ನ ಎಲ್‌ಇಡಿ ಆ ಕೆಲಸ ಮಾಡ್ತದಾ?”

ಮಾಡುವುದಿಲ್ಲ. ಅರವತ್ತರದ್ದು ಸಾಕು, ಬಟ್ಟೆಗೂ ಕಾಗದಕ್ಕೂ ತಾಗದಂತೆ ತಂತಿಯ ಗೂಡು ಕಟ್ಟಿಸಿ ಎಂದಷ್ಟೇ ಹೇಳಿದೆ.