ಇಂಗ್ಲೆಂಡ್ ನೋಡಲು ಹೊರಟ ಅಣ್ಣನ ಮಗನಿಗೆ

ಇಂಗ್ಲೆಂಡಿನ ಹಳ್ಳಿಗಾಡನ್ನು ನೋಡುವ ಬಗೆ ಎರಡು. ಟೂರ್ ಬಸ್ಸಿನಲ್ಲಿ ಕೂತು ಎಂಟು ದಿನಕ್ಕೆ ಹತ್ತು ಊರು ಮುಗಿಸುವುದು ಒಂದು. ಒಂದೇ ರೈಲುಮಾರ್ಗ ಹಿಡಿದು, ಸಣ್ಣ ನಿಲ್ದಾಣಗಳಲ್ಲಿ ಇಳಿದು ನಡೆಯುವುದು ಇನ್ನೊಂದು. ವಯಸ್ಸಾದವರು, ಪುಟ್ಟ ಮಕ್ಕಳು ಜೊತೆಗಿದ್ದರೆ ಬಸ್ಸೇ ವಾಸಿ. ಆದರೆ ಗಟ್ಟಿ ಕಾಲಿರುವ ಇಪ್ಪತ್ತಾರರ ಹುಡುಗ ಬಸ್ಸಿಗೆ ಮುಂಗಡ ಕಟ್ಟಲು ಹೊರಟರೆ ಮನೆಯ ಹಿರಿಯರಿಗೆ ಸಂಕಟವಾಗುತ್ತದೆ. ಈ ಪತ್ರ ಅದಕ್ಕೇ.

ನಡೆಯುವವರಿಗೆ ಸೆಟಲ್–ಕಾರ್ಲೈಲ್ ಮಾರ್ಗಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಲೀಡ್ಸ್‌ನಿಂದ ನೇರ ಗಾಡಿಯಿದೆ. 1876ರಲ್ಲಿ ಪ್ರಯಾಣಿಕರಿಗೆ ತೆರೆದ, ಸುಮಾರು 116 ಕಿ.ಮೀ. ಉದ್ದದ ಈ ಹಾದಿ ಪೆನೈನ್ ಬೆಟ್ಟಸಾಲನ್ನು ಏರಿ ಇಳಿಯುತ್ತದೆ. ರಿಬಲ್‌ಹೆಡ್‌ನಲ್ಲಿ 24 ಕಮಾನುಗಳ ಸೇತುವೆ, ಮುಂದೆ ಬ್ಲೀ ಮೂರ್ ಸುರಂಗ, ಅದರಾಚೆ 350 ಮೀಟರ್ ಎತ್ತರದಲ್ಲಿ ಡೆಂಟ್ ನಿಲ್ದಾಣ.

ಪತ್ರ ಬರೆಯುತ್ತಿರುವ ಚಿಕ್ಕಪ್ಪ 1980ರ ದಶಕದಲ್ಲಿ ಲೀಡ್ಸ್‌ನಲ್ಲಿ ಓದುತ್ತಿದ್ದ. ಈ ಮಾರ್ಗವನ್ನೇ ಮುಚ್ಚುವ ಪ್ರಸ್ತಾಪವಿದ್ದ ಕಾಲ ಅದು. ಕಡೆಯ ಸಲ ನೋಡಿಬಿಡೋಣವೆಂದು ಜನ ಗಾಡಿ ಹತ್ತುತ್ತಿದ್ದರು. ವಿದ್ಯಾರ್ಥಿವೇತನದಲ್ಲಿ ಉಳಿದ ಚಿಲ್ಲರೆಗೆ ಶನಿವಾರದ ಟಿಕೆಟ್ ಕೊಂಡು, ಬ್ರೆಡ್ಡು-ಚೀಸು ಕಟ್ಟಿಕೊಂಡು ಚಿಕ್ಕಪ್ಪ ರಿಬಲ್‌ಹೆಡ್‌ನಲ್ಲಿ ಇಳಿದು, ಸುರಂಗದ ಮೇಲಿನ ಬೆಟ್ಟ ಹತ್ತಿ ಡೆಂಟ್ ಕಡೆಗೆ ಇಳಿಯುತ್ತಿದ್ದ. ಹತ್ತಿರದ ಚಾಪೆಲ್-ಲೆ-ಡೇಲ್‌ನ ಚರ್ಚಿನ ಅಂಗಳದಲ್ಲಿ, ಮಾರ್ಗ ಕಟ್ಟುವಾಗ ಅಪಘಾತಕ್ಕೂ ಸಿಡುಬಿಗೂ ಬಲಿಯಾದ ಕೂಲಿಗಳನ್ನು, ಅವರ ಹೆಂಡತಿ ಮಕ್ಕಳನ್ನು ಹೂಳಲಾಗಿದೆ. ಅಲ್ಲಿ ನಿಂತ ಮೇಲೆ ಆ ಸೇತುವೆ ಅವನಿಗೆ ಬರೀ ಚಂದದ ಕಟ್ಟಡವಾಗಿ ಕಾಣಲಿಲ್ಲ. 1989ರಲ್ಲಿ ಮಾರ್ಗ ಉಳಿಯಿತೆಂಬ ಸುದ್ದಿ ತಲುಪಿದಾಗ ಅವನು ಶಿವಮೊಗ್ಗದಲ್ಲಿ ಮೇಷ್ಟ್ರು. ಮನೆಮಂದಿಗೆಲ್ಲ ಸಿಹಿ ಹಂಚಿದ.

ಇಂಗ್ಲೆಂಡಿನಲ್ಲಿ ಖಾಸಗಿ ಹೊಲಗಳ ನಡುವೆಯೂ ಸಾರ್ವಜನಿಕ ಕಾಲುದಾರಿಗಳಿವೆ. ಹಳದಿ ಬಾಣ ಅವುಗಳ ಗುರುತು. ಬೆಟ್ಟಬಯಲಿನಲ್ಲಿ ಅಡ್ಡಾಡುವ ಹಕ್ಕು ಮಾತ್ರ ಹೋರಾಡಿ ಬಂದದ್ದು. 1932ರಲ್ಲಿ ನಿಷೇಧ ಮೀರಿ ಕಿಂಡರ್ ಸ್ಕೌಟ್ ಬೆಟ್ಟ ಹತ್ತಿದವರಲ್ಲಿ ಐವರು ಜೈಲು ಸೇರಿದರು. ಕಾನೂನು ಬಂದದ್ದು 2000ದಲ್ಲಿ. ಅಂಥ ನೆಲವನ್ನು ಬಸ್ಸಿನಲ್ಲಿ ತೂಕಡಿಸುತ್ತ ದಾಟುವುದು ಶುದ್ಧ ದಂಡ, ಸೋಮಾರಿತನ. ಮಾತು ಖಾರವಾಯಿತು, ಅಕ್ಕರೆಯಿಲ್ಲದಿದ್ದರೆ ಇಷ್ಟು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

ಬೇಕಾದದ್ದು ಸ್ವಲ್ಪ: ಆರ್ಡನೆನ್ಸ್ ಸರ್ವೆಯ 1:25,000 ನಕ್ಷೆ, ನೀರು ಇಳಿಯದ ಬೂಟು, ಮಳೆಕೋಟು. ಬೆಟ್ಟದಲ್ಲಿ ಫೋನಿನ ಸಿಗ್ನಲ್ ನಂಬುವಂತಿಲ್ಲ. ತಾನು ತೆರೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗಬೇಕು, ಕುರಿಗಳಿರುತ್ತವೆ. ಡೆಂಟ್ ಊರು ತನ್ನ ನಿಲ್ದಾಣದಿಂದ ಆರು ಕಿ.ಮೀ.ಗೂ ದೂರ, ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ಎರಡು ಗಂಟೆ ಕಾಯಬೇಕಾದೀತು. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು, ಜೂನ್‌ನಲ್ಲಿ ಒಂಬತ್ತೂವರೆಯಾದರೂ ಬೆಳಕು. 26ರಿಂದ 30 ವರ್ಷದವರ ರೈಲ್‌ಕಾರ್ಡ್ ಮಾಡಿಸಿದರೆ ಬಹುಪಾಲು ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿತಾಯ.

ಮುಂಗಡ ಇನ್ನೂ ಕಟ್ಟಿಲ್ಲವಾದರೆ ಹುಡುಗ ಅದನ್ನು ನಿಲ್ಲಿಸಲಿ; ಜೂನ್‌ನಲ್ಲಿ ಹೋಗಿ, ಸೆಟಲ್‌ನಲ್ಲಿ ಐದು ದಿನ ತಂಗಲಿ.